ಸಣ್ಣ ಚರ್ಚಿಗೆ, ಸಣ್ಣ ಸಂಘಕ್ಕೆ ನಿಧಿ ಕೂಡಿಸುವುದು ಹೇಗೆ: ಹಿತ್ತಲಲ್ಲಿ ಇರುವುದರಿಂದಲೇ ಶುರು ಮಾಡಿ

ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಸಣ್ಣ ಚರ್ಚ್. ಎಲ್ಲ ಸೇರಿ ಎಪ್ಪತ್ತು ಚಿಲ್ಲರೆ ಮನೆ. ಕೆಲವು ವರ್ಷಗಳ ಹಿಂದೆ ಶೌಚಾಲಯ ಕಟ್ಟಿಸಲು ದುಡ್ಡು ಬೇಕೆಂದು ಒಂದು ಸಂಗೀತ ರಾತ್ರಿ ಇಟ್ಟೆವು. ಹೊರಗಿನ ವಾದ್ಯದವರು, ಲೈಟು, ಪೆಂಡಾಲು, ದೊಡ್ಡ ಬ್ಯಾನರು, ಎಲ್ಲ ಇತ್ತು. ಜನ ಚೆನ್ನಾಗಿಯೇ ಬಂದರು. ಒಂದು ಲಕ್ಷದ ಹತ್ತಿರ ಕೂಡಿತು. ಮರುದಿನ ಬಿಲ್ಲುಗಳು ಬಂದವು. ಉಳಿದದ್ದು 6,400 ರೂಪಾಯಿ. ಒಂದು ಬಾಗಿಲಿಗೂ ಸಾಲದು. ಆಗ ಖಜಾಂಚಿ ನಾನೇ. ಹಾಗಾಗಿ ಯಾರನ್ನೂ ದೂರುವ ಹಾಗಿರಲಿಲ್ಲ.

ಅದರ ನಂತರ ನಾವು ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿದೆವು. ಎಷ್ಟು ಬಂತು ಎಂದು ಯಾರೂ ಕೇಳಬಾರದು, ಎಷ್ಟು ಉಳಿಯಿತು ಎಂದು ಮಾತ್ರ ಕೇಳಬೇಕು. ಸಣ್ಣ ಗುಂಪಿಗೆ ದೊಡ್ಡ ಕಾರ್ಯಕ್ರಮ ಬೇಡ. ನಮ್ಮ ಜನರ ಕೈಯಲ್ಲಿ ನಗದು ಕಡಿಮೆ, ಹಿತ್ತಲಲ್ಲಿ ಮಾತ್ರ ಏನಾದರೂ ಇದ್ದೇ ಇರುತ್ತದೆ. ಒಂದು ಗೊನೆ ಬಾಳೆ, ನಾಲ್ಕು ತೆಂಗಿನಕಾಯಿ, ಅಂಗಳದ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ (ಕಾಳುಮೆಣಸಿನ) ಬಳ್ಳಿ. ಅದನ್ನು ಕೇಳಲು ಕಲಿಯಬೇಕು.

ಇಲ್ಲಿ ಬರೆದದ್ದು ಚರ್ಚಿಗೆ ಮಾತ್ರ ಅಲ್ಲ. ಭಜನಾ ಮಂದಿರ, ಯುವಕ ಮಂಡಲ, ಗ್ರಂಥಾಲಯ, ಮಹಿಳಾ ಸಂಘ, ಯಾರಿಗೂ ಆಗುತ್ತದೆ.

ಕೇಳುವ ಮೊದಲು

ಒಂದು ಕೆಲಸ, ಒಂದು ಮೊತ್ತ, ಒಂದು ತಾರೀಕು. ಈ ಮೂರನ್ನು ಮೊದಲು ಬರೆದಿಡಿ. ‘ಚರ್ಚಿನ ಅಭಿವೃದ್ಧಿಗೆ’ ಎಂದರೆ ಜನ ಹತ್ತು ರೂಪಾಯಿ ಕೊಟ್ಟು ಕಳಿಸುತ್ತಾರೆ. ‘ಅಡುಗೆ ಕೋಣೆಯ ಶೀಟು ಬದಲಿಸಲು 42,000 ರೂಪಾಯಿ ಬೇಕು, ಮಳೆ ಹಿಡಿಯುವ ಮೊದಲು, ಅಂದರೆ ಮೇ 20ರೊಳಗೆ’ ಎಂದರೆ ಒಂದು ಶೀಟಿನ ರೇಟು ಎಷ್ಟು ಎಂದು ಅವರೇ ಕೇಳುತ್ತಾರೆ. ಕೆಲವರು ಎರಡು ಶೀಟಿನ ದುಡ್ಡು ಅಲ್ಲೇ ಕೊಡುತ್ತಾರೆ. ಆದ್ದರಿಂದ ಮೊತ್ತವನ್ನು ತುಂಡು ಮಾಡಿ ಹೇಳಿ: ಒಂದು ಶೀಟು, ಒಂದು ಮೂಟೆ ಸಿಮೆಂಟು, ಒಂದು ಬೆಂಚು.

ಆಮೇಲೆ ಬ್ಯಾಂಕ್ ಖಾತೆ. ದುಡ್ಡು ಯಾರೋ ಒಬ್ಬರ ಸ್ವಂತ ಖಾತೆಗೆ, ಯಾರೋ ಒಬ್ಬರ ಗೂಗಲ್ ಪೇಗೆ ಹೋಗಬಾರದು. ಅವರು ಎಷ್ಟೇ ಒಳ್ಳೆಯವರಾಗಿರಲಿ. ಸಂಘದ ಹೆಸರಿನಲ್ಲೇ ಖಾತೆ ತೆರೆದು, ಇಬ್ಬರು ಸಹಿ ಹಾಕಿದರೆ ಮಾತ್ರ ಹಣ ತೆಗೆಯುವ ಹಾಗೆ ಮಾಡಿ. ಬ್ಯಾಂಕಿನವರು ಸಾಮಾನ್ಯವಾಗಿ ಸಂಘದ ನಿಯಮಾವಳಿ, ಸಭೆಯ ನಿರ್ಣಯ, ಪ್ಯಾನ್ ಕಾರ್ಡ್ ಕೇಳುತ್ತಾರೆ. ನೋಂದಣಿ ಇಲ್ಲದ ಸಂಘ ಆದರೆ ಮೊದಲು ಅದನ್ನು ಮುಗಿಸಿ. ಮಲಬಾರ್ ಭಾಗದವರಾದ ನಮಗೆ ಇವತ್ತಿಗೂ 1860ರ ಸೊಸೈಟಿ ನೋಂದಣಿ ಕಾಯ್ದೆಯೇ ಅನ್ವಯ. ತಿರುವಿದಾಂಕೂರು-ಕೊಚ್ಚಿ ಕಡೆಯವರಿಗೆ ಬೇರೆ, 1955ರದ್ದು. ದಕ್ಷಿಣದ ಜಿಲ್ಲೆಯ ಸ್ನೇಹಿತರು ಕಳಿಸಿದ ಮಾದರಿ ಅರ್ಜಿಯನ್ನು ಹಾಗೇ ನಕಲು ಮಾಡಿದರೆ ತಿರುಗಿ ಬರುತ್ತದೆ. ಚರ್ಚಿನವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಚರ್ಚಿಗೆ ಖಾತೆ ಇದ್ದೇ ಇರುತ್ತದೆ, ಫಾದರ್ ಹತ್ತಿರ ಮಾತಾಡಿ ಈ ಕೆಲಸಕ್ಕೆ ಬೇರೆ ರಶೀದಿ ಪುಸ್ತಕ ಮಾಡಿಸಿಕೊಂಡರೆ ಸಾಕು.

ಖಾತೆ ಆದ ಮೇಲೆ ಅದರ ಕ್ಯೂಆರ್ ಕೋಡ್ ಒಂದನ್ನು ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿ. ಈಗ ಅಜ್ಜಿಯಂದಿರೂ ಮೊಮ್ಮಕ್ಕಳ ಫೋನಿನಿಂದ ಹಾಕುತ್ತಾರೆ.

ಒಂದು ಮಾತು ಭಾಷೆಯ ಬಗ್ಗೆ. ನಮ್ಮಲ್ಲಿ ಒಂದೇ ರಸ್ತೆಯಲ್ಲಿ ಕೊಂಕಣಿ, ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ ಉಂಟು. ಚೀಟಿಯನ್ನು ಕನ್ನಡ, ಮಲಯಾಳ ಎರಡರಲ್ಲೂ ಮಾಡಿ. ಒಂದೇ ಹಾಳೆಯ ಎರಡು ಬದಿ, ಖರ್ಚು ಹೆಚ್ಚೇನೂ ಆಗುವುದಿಲ್ಲ. ಆದರೆ ಮನೆಗೆ ಹೋಗುವಾಗ ಆ ಮನೆಯ ಮಾತು ಬರುವವರನ್ನೇ ಕಳಿಸಿ.

ಏಲ: ಖರ್ಚೇ ಇಲ್ಲದ ದಾರಿ

ಬೆಳೆಯ ಮೊದಲ ಫಲ ತಂದು ಏಲ ಹಾಕುವುದು ನಮಗೆ ಹೊಸದಲ್ಲ. ಆದರೆ ಅದನ್ನು ಹೆಚ್ಚಿನವರು ವರ್ಷಕ್ಕೊಮ್ಮೆ ಹಬ್ಬದ ದಿನ ಮಾತ್ರ ಮಾಡುತ್ತಾರೆ. ತಿಂಗಳಿಗೆ ಒಂದು ಭಾನುವಾರ ಮಾಡಿ ನೋಡಿ. ಪೂಜೆ ಮುಗಿದ ಮೇಲೆ ಅರ್ಧ ಗಂಟೆ, ಅಷ್ಟೇ.

ಮೊದಲ ವಾರ ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು, ಅಂದರೆ ಮುಖಂಡರು, ತಮ್ಮ ವಾಳೆಯ ಮನೆಗಳಿಗೆ ಹೇಳಿ ಬರಬೇಕು: ಮುಂದಿನ ಭಾನುವಾರ ಹಿತ್ತಲಿನಿಂದ ಏನಾದರೂ ಒಂದು ತನ್ನಿ. ಕುಂಬಳಕಾಯಿ, ಗೆಣಸು, ಬಸಳೆ ಕಟ್ಟು, ನಾಟಿ ಕೋಳಿಯ ಮೊಟ್ಟೆ, ಹಲಸು, ಯಾವುದೂ ಆಗುತ್ತದೆ. ಬಂದದ್ದಕ್ಕೆಲ್ಲ ನಂಬರ್ ಅಂಟಿಸಿ. ಒಬ್ಬರು ಕೂಗುವುದು, ಒಬ್ಬರು ಬರೆಯುವುದು, ಒಬ್ಬರು ದುಡ್ಡು ತೆಗೆದುಕೊಳ್ಳುವುದು. ಈ ಮೂರು ಕೆಲಸ ಒಬ್ಬರಿಗೇ ಕೊಟ್ಟರೆ ಲೆಕ್ಕ ತಪ್ಪುವುದು ಖಂಡಿತ.

ಕೂಗುವವರು ತಮಾಷೆಯವರಾಗಿರಬೇಕು. ಇದು ಸಣ್ಣ ವಿಷಯ ಅಲ್ಲ. ನಮ್ಮಲ್ಲಿ ಒಬ್ಬರು ಇದ್ದಾರೆ. ಯಕ್ಷಗಾನದ ಅರ್ಥಗಾರಿಕೆ ಕೇಳಿ ಕೇಳಿ ನಾಲಿಗೆ ಪಳಗಿದೆ. ಒಂದು ಸೋರೆಕಾಯಿಯ ಗುಣಗಾನ ಐದು ನಿಮಿಷ ಮಾಡಿ 30 ರೂಪಾಯಿಯದನ್ನು 400ಕ್ಕೆ ಏರಿಸುತ್ತಾರೆ. ಗೆದ್ದವರು ಅದನ್ನೇ ತಿರುಗಿ ಚರ್ಚಿಗೆ ಕೊಡುವುದೂ ಉಂಟು. ಆಗ ಅದೇ ಸೋರೆಕಾಯಿ ಇನ್ನೊಮ್ಮೆ ಏಲಕ್ಕೆ ಬರುತ್ತದೆ.

ಎರಡು ಎಚ್ಚರಿಕೆ. ಗೆದ್ದವರ ದುಡ್ಡು ಅಲ್ಲೇ ತೆಗೆದುಕೊಳ್ಳಿ. ‘ನಾಳೆ ಕೊಡ್ತೇನೆ’ ಎಂದದ್ದನ್ನು ಕೇಳಲು ಹೋಗುವುದು ಕೊಡಬೇಕಾದವರಿಗೂ ಕೇಳುವವರಿಗೂ ಮುಜುಗರ. ಮತ್ತೆ, ಎಲ್ಲ ವಸ್ತುವನ್ನೂ ಮೇಲಕ್ಕೆ ಏರಿಸಬೇಡಿ. ಕೂಲಿಗೆ ಹೋಗುವ ಮನೆಯವರೂ ಕೈ ಎತ್ತುವ ಹಾಗೆ 20, 30 ರೂಪಾಯಿಗೆ ಬಿಟ್ಟುಕೊಡುವ ಕಟ್ಟುಗಳು ಮೊದಲೇ ಬರಲಿ. ಇಲ್ಲದಿದ್ದರೆ ಏಲ ನಾಲ್ಕು ಮನೆಯವರ ಆಟ ಆಗುತ್ತದೆ, ಉಳಿದವರು ಮುಂದಿನ ತಿಂಗಳು ಸುಮ್ನೆ ಮನೆಗೆ ಹೋಗುತ್ತಾರೆ.

ಒಳ್ಳೆಮೆಣಸಿನ ಬಳ್ಳಿ

ಇದು ನನಗೆ ಅತಿ ಇಷ್ಟದ ದಾರಿ. ಹಾಕುವ ದುಡ್ಡು ತೀರಾ ಕಡಿಮೆ, ಊರಿಗೂ ಉಪಯೋಗ. ಆದರೆ ನಾಲ್ಕು ತಿಂಗಳ ತಾಳ್ಮೆ ಬೇಕು.

ಒಳ್ಳೆಮೆಣಸಿನ ಬುಡದಿಂದ ನೆಲಕ್ಕೆ ಹರಿಯುವ ಹಬ್ಬು ಬಳ್ಳಿಗಳನ್ನು ನೀವು ನೋಡಿರುತ್ತೀರಿ. ಅವು ಮಣ್ಣಿಗೆ ತಾಗಿ ಅಲ್ಲಲ್ಲಿ ಬೇರು ಬಿಡದ ಹಾಗೆ, ಮೊದಲೇ ಬುಡದಲ್ಲಿ ಒಂದು ಗೂಟ ನೆಟ್ಟು ಸುತ್ತಿ ಇಡಬೇಕು. ಫೆಬ್ರವರಿ ಅಥವಾ ಮಾರ್ಚಿನಲ್ಲಿ ಅವನ್ನು ಕತ್ತರಿಸಿ. ತೀರಾ ಎಳೆಯ ತುದಿಯೂ ಬೇಡ, ಬಲಿತ ಬುಡವೂ ಬೇಡ. ನಡುವಿನ ಭಾಗದಿಂದ ಎರಡು ಮೂರು ಗೆಣ್ಣು ಇರುವ ತುಂಡು ಮಾಡಿ. ಎಲೆ ಕತ್ತರಿಸಿ, ತೊಟ್ಟು ಬಿಡಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಟ್ಟಿಗೊಬ್ಬರ ಕಲಸಿ ನರ್ಸರಿ ಚೀಲಕ್ಕೆ ತುಂಬಿ, ಒಂದು ಗೆಣ್ಣಾದರೂ ಮಣ್ಣಿನೊಳಗೆ ಹೋಗುವ ಹಾಗೆ ನೆಡಿ. ನೆರಳಲ್ಲಿಟ್ಟು ದಿನಾ ಸ್ವಲ್ಪ ಸ್ವಲ್ಪ ನೀರು. ನೀರು ನಿಲ್ಲಬಾರದು.

ಇಲ್ಲಿ ಸಂಘಕ್ಕೆ ಒಂದು ಅನುಕೂಲ ಉಂಟು. ಐದು ನೂರು ಚೀಲ ಒಬ್ಬರ ಅಂಗಳದಲ್ಲಿಟ್ಟರೆ ಆ ಮನೆಯವರು ಏಪ್ರಿಲಿನಲ್ಲಿ ಕೈ ಎತ್ತುತ್ತಾರೆ. ಮನೆಗೆ ಹತ್ತು ಚೀಲದ ಹಾಗೆ ಐವತ್ತು ಮನೆಗೆ ಹಂಚಿದರೆ ಬಟ್ಟೆ ತೊಳೆದ ನೀರಿನಲ್ಲೇ ಬದುಕುತ್ತವೆ ಎಂದು ನಾವು ಅಂದುಕೊಂಡಿದ್ದೆವು. ಹಂಚಿದ್ದು ಸರಿ, ನೀರಿನ ಮಾತು ತಪ್ಪು. ಸೋಪಿನ ನೀರು ಹಾಕಿದ ಮನೆಯದ್ದು ಒಂದೂ ಉಳಿಯಲಿಲ್ಲ! ಒಳ್ಳೆಯ ನೀರೇ ಹಾಕಿ. ಎಲ್ಲವೂ ಬೇರು ಹಿಡಿಯುತ್ತವೆ ಎಂದೂ ಎಣಿಸಬೇಡಿ. ಮೂರರಲ್ಲಿ ಒಂದು ಹೋಯಿತು ಎಂದೇ ಲೆಕ್ಕ ಹಾಕಿ, ಆಗ ಬೇಸರ ಆಗುವುದಿಲ್ಲ.

ಸೊರಗು ರೋಗ ಬಂದ ತೋಟದಿಂದ ಬಳ್ಳಿ ತರಲೇಬೇಡಿ. ಧರ್ಮಕ್ಕೆ ಸಿಕ್ಕಿತು ಎಂದು ತಂದು, ಅದನ್ನು ಊರಿಗೆಲ್ಲ ಮಾರಿದರೆ ರೋಗವನ್ನೇ ಹಂಚಿದ ಹಾಗೆ ಆಗುತ್ತದೆ. ಪಣಿಯೂರು ತಳಿ ನಮ್ಮಲ್ಲಿ ಬೇಡಿಕೆ ಇರುವಂಥದ್ದು, ಹಳೆಯ ಊರ ತಳಿ ಕೇಳುವವರೂ ಇದ್ದಾರೆ. ಯಾವ ಚೀಲದಲ್ಲಿ ಯಾವುದು ಎಂದು ಗುರುತು ಹಾಕಿ.

ಮಾರುವ ಸಮಯ ಜೂನ್ ಕೊನೆ. ಮಲಯಾಳದವರು ತಿರುವಾದಿರ ಞಾಟ್ಟುವೇಲ ಎನ್ನುತ್ತಾರೆ, ನಾವು ಆರಿದ್ರಾ ಮಳೆ ಎನ್ನುತ್ತೇವೆ. ಎರಡೂ ಒಂದೇ ನಕ್ಷತ್ರ. ಒಳ್ಳೆಮೆಣಸು ನೆಡಲು ಅದೇ ಕಾಲ ಎಂಬ ನಂಬಿಕೆ ಎರಡೂ ಭಾಷೆಯವರಲ್ಲಿ ಉಂಟು. ಹಾಗಾಗಿ ಪ್ರಚಾರಕ್ಕೆ ಬೇರೆ ಮಾತೇ ಬೇಡ. ದರಕ್ಕೆ ಹತ್ತಿರದ ನರ್ಸರಿಯಲ್ಲಿ ಕೇಳಿ, ಅದಕ್ಕಿಂತ ಒಂದೆರಡು ರೂಪಾಯಿ ಕಡಿಮೆ ಇಡಿ.

ಬಿರಿಯಾನಿ ಚಾಲೆಂಜ್, ಪೆನ್ನು ಹಿಡಿದು

ಕೇರಳದಲ್ಲಿ ಈಗ ಯಾವ ಕಷ್ಟಕ್ಕೂ ಬಿರಿಯಾನಿ ಚಾಲೆಂಜ್, ಅಂದರೆ ಬಿರಿಯಾನಿ ಪೊಟ್ಟಣ ಮಾರಿ ದುಡ್ಡು ಕೂಡಿಸುವುದು. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗಲೂ ಊರೂರಲ್ಲಿ ಹೀಗೆ ದುಡ್ಡು ಕೂಡಿಸಿದರು. ಇದರ ಗುಟ್ಟು ಬಿರಿಯಾನಿಯ ರುಚಿಯಲ್ಲಿ ಇಲ್ಲ, ಮುಂಗಡ ಬುಕಿಂಗಿನಲ್ಲಿ ಉಂಟು. ಎಷ್ಟು ಪೊಟ್ಟಣ ಹೋಗುತ್ತದೆ ಎಂದು ಒಲೆ ಹಚ್ಚುವ ಮೊದಲೇ ಗೊತ್ತಿರುತ್ತದೆ. ನಷ್ಟ ಆಗುವ ದಾರಿಯೇ ಮುಚ್ಚಿದ ಹಾಗೆ.

300 ಪೊಟ್ಟಣದ ಒಂದು ಲೆಕ್ಕ ಹೇಳುತ್ತೇನೆ. ದರ ನಿಮ್ಮ ಪೇಟೆಯದ್ದು ಹಾಕಿಕೊಳ್ಳಿ, ಕೋಳಿಯ ರೇಟು ವಾರಕ್ಕೊಮ್ಮೆ ಬದಲಾಗುತ್ತದೆ. ಒಂದು ಕಿಲೋ ಅಕ್ಕಿಗೆ 8 ಪೊಟ್ಟಣ ಎಂದರೆ 38 ಕಿಲೋ ಅಕ್ಕಿ. ಕಿಲೋಗೆ 120ರ ಹಾಗೆ 4,560 ರೂಪಾಯಿ. ಪೊಟ್ಟಣಕ್ಕೆ 150 ಗ್ರಾಂ ಕೋಳಿ, ಒಟ್ಟು 45 ಕಿಲೋ, ಕಿಲೋಗೆ 200ರ ಹಾಗೆ 9,000. ಎಣ್ಣೆ, ತುಪ್ಪ, ನೀರುಳ್ಳಿ, ಮಸಾಲೆಗೆ 5,500. ಪಾತ್ರೆ ಬಾಡಿಗೆ, ಸೌದೆಗೆ 2,000. ಅಡುಗೆಯವರಿಗೆ 3,000. ಡಬ್ಬಿ, ಉಪ್ಪಿನಕಾಯಿ, ಸಲಾಡಿಗೆ ತಲಾ 7ರ ಹಾಗೆ 2,100. ಒಟ್ಟು ಖರ್ಚು 26,160. ಪೊಟ್ಟಣಕ್ಕೆ 120ರ ಹಾಗೆ ಮಾರಿದರೆ 36,000. ಉಳಿಯುವುದು 9,840.

ಮುನ್ನೂರು ಪೊಟ್ಟಣಕ್ಕೆ ಇಷ್ಟು ಓಡಾಡಿ ಹತ್ತು ಸಾವಿರವೂ ಇಲ್ಲ ಅಲ್ವಾ? ಇಲ್ಲಿಯೇ ಹೆಚ್ಚಿನವರು ಬೆಲೆ ಏರಿಸಲು ನೋಡುತ್ತಾರೆ. ಬೇಡ. ಬೆಲೆ ಏರಿಸಿದರೆ ಮನೆಗೆ ನಾಲ್ಕು ತೆಗೆದುಕೊಳ್ಳುವವರು ಎರಡಕ್ಕೆ ಇಳಿಯುತ್ತಾರೆ. ಖರ್ಚನ್ನು ಕಡಿಮೆ ಮಾಡಿ. ಅಕ್ಕಿ ಒಬ್ಬರು ಕೊಡಲಿ, ಕೋಳಿ ಇಬ್ಬರು ಹಂಚಿಕೊಳ್ಳಲಿ. ಆ ಎರಡೇ ಬಂದರೆ 13,560 ಉಳಿಯಿತು, ನಿಧಿಗೆ ಬರುವುದು 23,400. ದುಡ್ಡು ಕೊಡಿ ಎಂದರೆ 500 ಕೊಡುವ ಅಂಗಡಿಯವರು, ಹತ್ತು ಕಿಲೋ ನೀರುಳ್ಳಿ ಕೊಡಿ ಎಂದರೆ ಇಪ್ಪತ್ತು ಕಿಲೋ ಆಟೋದಲ್ಲಿ ಹಾಕಿ ಕಳಿಸುತ್ತಾರೆ. ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕೆಲಸ ಹೀಗೆ ಸಾಗಲಿ. ಮೂರು ವಾರ ಮೊದಲು ನಂಬರ್ ಹಾಕಿದ ಚೀಟಿ ಪುಸ್ತಕ ಹಂಚಿ. ಯಾರಿಗೆ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಎಂದು ಬರೆದಿಡಿ. ನಾಲ್ಕು ದಿನ ಮೊದಲು ಬುಕಿಂಗ್ ಮುಚ್ಚಿ, ಉಳಿದ ಚೀಟಿ ಎಲ್ಲ ವಾಪಸ್ ತೆಗೆದುಕೊಳ್ಳಿ. ನೆಂಟರು ಬಂದರು, ಇನ್ನೆರಡು ಬೇಕು ಎಂದು ಕೊನೆಯ ದಿನ ಕೇಳುವವರು ಇದ್ದೇ ಇರುತ್ತಾರೆ. ಹತ್ತು ಪೊಟ್ಟಣ ಜಾಸ್ತಿ ಮಾಡಿಡಿ, ಅದಕ್ಕಿಂತ ಹೆಚ್ಚು ಬೇಡ. ಹಿಂದಿನ ದಿನ ಸಂಜೆ ನೀರುಳ್ಳಿ ಹೆಚ್ಚುವುದು. ಆವತ್ತು ಬೆಳಗ್ಗೆ ನಾಲ್ಕಕ್ಕೆ ಒಲೆ. ಹತ್ತೂವರೆಗೆ ತುಂಬಲು ಶುರು, ಹನ್ನೆರಡೂವರೆಯೊಳಗೆ ಎಲ್ಲ ಮನೆ ಮುಟ್ಟಬೇಕು.

ಈ ಗಡಿಬಿಡಿ ಸುಮ್ನೆ ಅಲ್ಲ. ಬೆಂದ ಅನ್ನ ಉಗುರು ಬೆಚ್ಚಗೆ ಹೊತ್ತು ಕಳೆದಷ್ಟೂ ಅದರಲ್ಲಿ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಪೊಟ್ಟಣದ ಮೇಲೆ ‘ಮಧ್ಯಾಹ್ನ 2ರೊಳಗೆ ಊಟ ಮಾಡಿ’ ಎಂದು ಬರೆದ ಚೀಟಿ ಅಂಟಿಸಿ. ಒಂದು ಮನೆಯಲ್ಲಿ ಹೊಟ್ಟೆ ಕೆಟ್ಟರೂ ನಿಮ್ಮ ಮುಂದಿನ ಹತ್ತು ವರ್ಷದ ಚಾಲೆಂಜ್ ಅಲ್ಲಿಗೇ ಮುಗಿಯಿತು.

ಹಬ್ಬ, ಸಮಾರಂಭಗಳಲ್ಲಿ ಆಹಾರ ಹಂಚುವ ಸಣ್ಣವರಿಗೂ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ನೋಂದಣಿ ಉಂಟು. ಶುಲ್ಕ ವರ್ಷಕ್ಕೆ 100 ರೂಪಾಯಿ. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೇಳಿ. ಇಲ್ಲವಾದರೆ ನೋಂದಣಿ ಇರುವ ಕುಟುಂಬಶ್ರೀಯ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಗುಂಪುಗಳ) ಅಡುಗೆ ಘಟಕಕ್ಕೇ ಕೆಲಸ ಒಪ್ಪಿಸಿ. ಸ್ವಲ್ಪ ಲಾಭ ಅವರಿಗೆ ಹೋಗುತ್ತದೆ, ಹೋಗಲಿ. ಅವರೂ ನಮ್ಮ ಊರಿನ ಹೆಂಗಸರೇ. ಅವರು ಇಪ್ಪತ್ತು ಮನೆಗೆ ಚೀಟಿ ಮಾರಿಯೂ ಕೊಡುತ್ತಾರೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ಕೇರಳದಲ್ಲಿ 2020ರಿಂದಲೇ ನಿಷೇಧ ಇರುವುದರಿಂದ ಕಾಗದದ ಡಬ್ಬಿ ಅಥವಾ ಬಾಳೆ ಎಲೆ. ಅಲ್ಲೇ ಕೂತು ಉಣ್ಣುವ ಊಟವಾದರೆ ಅಡಿಕೆ ಹಾಳೆಯ ತಟ್ಟೆ.

ಮಾಂಸ ತಿನ್ನದ ಮನೆಗಳು ಹೆಚ್ಚಿರುವ ಕಡೆ ಪಾಯಸ ಚಾಲೆಂಜ್ ಮಾಡಿ. ಓಣಂ ಸಮಯದಲ್ಲಿ ಚೆನ್ನಾಗಿ ಹೋಗುತ್ತದೆ. ಅರ್ಧ ಲೀಟರ್ ಡಬ್ಬಿ, ಹಾಲಿನ ಪಾಯಸಕ್ಕಿಂತ ಬೆಲ್ಲದ್ದು ಸುಲಭ.

ಹಿಡಿ ಅಕ್ಕಿ

ಮಿಜೋರಾಂನ ಚರ್ಚುಗಳಲ್ಲಿ ‘ಬುಫಾಯ್ ಥಮ್’ ಎಂಬ ಪದ್ಧತಿ ಉಂಟು. ಅಂದರೆ ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲವೂ ಒಂದು ಹಿಡಿ ಬೇರೆ ಪಾತ್ರೆಗೆ ಹಾಕುತ್ತಾರೆ. ವಾರಕ್ಕೊಮ್ಮೆ ಅದು ಒಟ್ಟಾಗಿ, ಮಾರಾಟ ಆಗಿ, ಚರ್ಚಿನ ಕೆಲಸಕ್ಕೆ ಹೋಗುತ್ತದೆ. 1910ರಲ್ಲಿ ಹೆಂಗಸರು ಶುರು ಮಾಡಿದ್ದು, ಇವತ್ತಿಗೂ ನಿಂತಿಲ್ಲ.

ನಮ್ಮಲ್ಲಿ ಕುಚ್ಚಲಕ್ಕಿ. ದಿನಕ್ಕೆ ಒಂದು ಹಿಡಿ, ಅಂದಾಜು 40 ಗ್ರಾಂ ಎಂದರೂ ತಿಂಗಳಿಗೆ ಒಂದು ಕಿಲೋ ದಾಟುತ್ತದೆ. ಐವತ್ತು ಮನೆಯಿಂದ 60 ಕಿಲೋ. ಮನೆಮನೆಯ ಅಕ್ಕಿ ಬೇರೆ ಬೇರೆ, ಬೆರೆಸಿದರೆ ಬೇಯುವ ಹದ ಕೆಡುತ್ತದೆ. ಆದ್ದರಿಂದ ಒಟ್ಟು ಮಾಡುವಾಗಲೇ ಕುಚ್ಚಲು, ಬೆಳ್ತಿಗೆ ಬೇರೆ ಮಾಡಿ. ಬೆರೆತುಹೋದದ್ದನ್ನು ದೋಸೆಗೆ, ಹಿಟ್ಟಿಗೆ ಎಂದು ಕಡಿಮೆ ದರಕ್ಕೆ ಕೊಡಿ.

ಗಲ್ಫಿನವರನ್ನು ಕೇಳುವಾಗ

ಕಾಸರಗೋಡಿನಲ್ಲಿ ಎಷ್ಟೋ ಕುಟುಂಬಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿ ಇರುತ್ತಾರೆ. ಹಾಗಾಗಿ ಎಲ್ಲರೂ ಮೊದಲು ಅವರಿಗೇ ಮೆಸೇಜ್ ಹಾಕುತ್ತಾರೆ. ನನ್ನ ಮಾತು ಕೇಳಿದರೆ ಅವರನ್ನು ಕೊನೆಗೆ ಕೇಳಿ. ಊರಿನವರು ಇಷ್ಟು ಕೂಡಿಸಿದ್ದೇವೆ, ಇಷ್ಟು ಬಾಕಿ ಎಂದರೆ ಅವರಿಗೂ ಕೊಡಲು ಹುರುಪು.

ಕಾನೂನು ಒಂದು ಗೊತ್ತಿರಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರದ್ದು. ಅನುಮತಿ ಇಲ್ಲದ ಸಂಘ ವಿದೇಶಿ ದೇಣಿಗೆ ಪಡೆಯುವ ಹಾಗಿಲ್ಲ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿ ದುಡಿದ ತಮ್ಮ ಸ್ವಂತ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ದುಬೈಯಲ್ಲಿ ಇರುವ ನಿಮ್ಮ ತಮ್ಮನ ದುಡ್ಡು ಹಾಗೆ ಬರಬಹುದು. ಕೆನಡಾದ ಪೌರತ್ವ ತೆಗೆದುಕೊಂಡ ಚಿಕ್ಕಪ್ಪನದ್ದು ಬರಬಾರದು, ಅವರ ಹತ್ತಿರ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೂ. ನಿಮ್ಮ ತಮ್ಮನ ಗಲ್ಫ್ ಕಂಪನಿಯ ದುಡ್ಡೂ ಬೇಡ. ಕಳಿಸಿದವರಿಂದ ಪಾಸ್‌ಪೋರ್ಟಿನ ಒಂದು ನಕಲು ತರಿಸಿ ಫೈಲಿಗೆ ಹಾಕಿಡಿ.

ಲಕ್ಕಿ ಡಿಪ್ ಬೇಡ

ಬೈಕ್ ಬಹುಮಾನ, ಫ್ರಿಜ್ ಬಹುಮಾನ ಎಂದು ಕೂಪನ್ ಮಾರುವುದು ನಮ್ಮ ಊರಿನ ಹಳೆಯ ಚಟ. ಕೇರಳದಲ್ಲಿ ಲಾಟರಿ ನಡೆಸುವುದು ಸರಕಾರ. ಅದಕ್ಕೆ 1967ರಿಂದ ಇಲಾಖೆಯೇ ಉಂಟು. ಖಾಸಗಿಯವರು ದುಡ್ಡಿಗೆ ಚೀಟಿ ಮಾರಿ ಡ್ರಾ ಎತ್ತುವುದು ಅಪರಾಧ. ಚರ್ಚು, ದೇವಸ್ಥಾನ, ಕ್ಲಬ್ ಎಂದು ರಿಯಾಯಿತಿ ಇಲ್ಲ. ಮೊದಲು ಭಾರತೀಯ ದಂಡ ಸಂಹಿತೆಯ 294ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ. ‘ಎಲ್ಲರೂ ಮಾಡುತ್ತಾರಲ್ಲ’ ಎನ್ನುವವರು ಕೂಪನ್ನಿನ ಮೇಲೆ ತಮ್ಮ ಹೆಸರು ಹಾಕಲು ಒಪ್ಪುತ್ತಾರೋ ಕೇಳಿ ನೋಡಿ. ನಮ್ಮವರ ಹೌಸಿ ಆಟವನ್ನೂ (ಟಿಕೆಟಿನ ನಂಬರ್ ಕೂಗಿ ಹೊಡೆಯುವ ಆಟ) ನಿಧಿಗೆ ಬಳಸದಿರುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಹಬ್ಬದ ದಿನ ಮಕ್ಕಳು ಟಿಕೆಟ್ ಇಲ್ಲದೆ ಬಿಸ್ಕತ್ತಿಗೆ ಆಡಲಿ.

ಇನ್ನು ಕೆಲವು, ಬೇಗ ಬೇಗ

ಡಿಸೆಂಬರಿನಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳು. ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ, ಚಕ್ಕುಲಿ. ಮಾಡಲು ಈಗ ಎಷ್ಟೋ ಮನೆಯಲ್ಲಿ ಪುರಸೊತ್ತಿಲ್ಲ, ತಿನ್ನಲು ಎಲ್ಲರಿಗೂ ಆಸೆ. ಹಿರಿಯ ಹೆಂಗಸರು ಸೇರಿ ಚರ್ಚಿನ ಅಡುಗೆ ಕೋಣೆಯಲ್ಲಿ ಮೂರು ದಿನ ಕೂತರೆ ಅರ್ಧ ಕಿಲೋದ ಪ್ಯಾಕೆಟ್ ಮುಂಗಡದಲ್ಲೇ ಮುಗಿಯುತ್ತದೆ. ಎಣ್ಣೆ ಒಳ್ಳೆಯದೇ ಬಳಸಿ. ವಾಸನೆ ಬಂದರೆ ಮುಂದಿನ ವರ್ಷ ಯಾರೂ ತೆಗೆದುಕೊಳ್ಳುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನ ಹಪ್ಪಳ. ಹಲಸು ಮರದಡಿ ಬಿದ್ದು ಕೊಳೆಯುವ ಕಾಲ, ಕಚ್ಚಾ ಮಾಲು ಧರ್ಮಕ್ಕೆ. ಬಿಸಿಲು ಗಟ್ಟಿ ಇರುವಾಗಲೇ ಮುಗಿಸಿ, ಮೇ ಕೊನೆಗೆ ನಂಬಿ ಕೂರಬೇಡಿ.

ಕಲೆಯೇ ಬೇಕು ಎಂದರೆ ಯಕ್ಷಗಾನ ಆಟಕ್ಕಿಂತ, ಕೂತು ಅರ್ಥ ಹೇಳುವ ತಾಳಮದ್ದಳೆ. ವೇಷ ಇಲ್ಲ, ರಂಗಸ್ಥಳ ಇಲ್ಲ, ಒಂದು ಹಾಲ್ ಸಾಕು. ಮೈಕಿಗೆ ಪೊಲೀಸ್ ಠಾಣೆಯಲ್ಲಿ ಅನುಮತಿ ತೆಗೆಯಿರಿ, ರಾತ್ರಿ 10ಕ್ಕೆ ಮೈಕ್ ನಿಲ್ಲಬೇಕು.

ಹಳೆ ಪೇಪರ್, ಕಬ್ಬಿಣ ಒಟ್ಟು ಮಾಡಿ ಮಾರಬಹುದು. ಪ್ಲಾಸ್ಟಿಕ್ಕಿಗೆ ಕೈ ಹಾಕಬೇಡಿ. ಅದನ್ನು ಮನೆಮನೆಯಿಂದ ಒಯ್ಯುವುದು ಪಂಚಾಯತಿನ ಹರಿತ ಕರ್ಮ ಸೇನೆಯವರ ಕೆಲಸ.

ಲೆಕ್ಕ

ಯಾವ ದಾರಿ ಹಿಡಿದರೂ ಮುಂದಿನ ಭಾನುವಾರದೊಳಗೆ ಲೆಕ್ಕ ಹೊರಗೆ ಬರಬೇಕು. ಬಂದದ್ದು, ಖರ್ಚಾದದ್ದು, ಉಳಿದದ್ದು, ಬ್ಯಾಂಕಿಗೆ ಕಟ್ಟಿದ ತಾರೀಕು. ದುಡ್ಡು ಎಣಿಸುವಾಗ ಸಂಬಂಧಿಕರಲ್ಲದ ಮೂವರು ಕೂರಲಿ, ಮೂವರೂ ಸಹಿ ಹಾಕಲಿ. ನೀರುಳ್ಳಿ ಕೊಟ್ಟವರ, ಪಾತ್ರೆ ತೊಳೆದವರ ಹೆಸರನ್ನೂ ಬರೆಯಿರಿ. ಯಾರು ಎಷ್ಟು ದುಡ್ಡು ಕೊಟ್ಟರು ಎಂಬುದು ಮಾತ್ರ ಆ ಹಾಳೆಯಲ್ಲಿ ಬೇಡ. ಅದು ರಶೀದಿ ಪುಸ್ತಕದಲ್ಲಿ ಇದ್ದರೆ ಸಾಕು. ನೂರು ರೂಪಾಯಿ ಕೊಟ್ಟವರ ಹೆಸರು ಹತ್ತು ಸಾವಿರ ಕೊಟ್ಟವರ ಕೆಳಗೆ ಬರುವುದು ಯಾಕೆ?

ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಾಕಿ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೂ ಹಾಕಿ. ಮಳೆಗಾಲವಾದರೆ ಮೇಲೊಂದು ಪಾರದರ್ಶಕ ಕವರ್ ಇರಲಿ. ನಮ್ಮ ಮೊದಲ ಲೆಕ್ಕದ ಹಾಳೆ ಎರಡೇ ದಿನದಲ್ಲಿ ನೀರು ಕುಡಿದು, ಖರ್ಚಿನ ಕಾಲಂ ಮಾತ್ರ ಅಳಿಸಿಹೋಗಿತ್ತು. ಊರಿನವರು ಇವತ್ತಿಗೂ ಅದನ್ನು ಹೇಳಿ ನನ್ನನ್ನು ಕೀಟಲೆ ಮಾಡುತ್ತಾರೆ.